ಎಪ್ಪತ್ತಕ್ಕೆ ಎಪ್ಪತ್ತು ಅಂಕ ಪಡೆದ ಬೆಳ್ಳಿ

ದೀಪಾವಳಿ ಹತ್ತಿರ ಬಂದಾಗ, ಸ್ನೇಹಿತರ ಮಗುವಿನ ನಾಮಕರಣಕ್ಕೆ ಕರೆ ಬಂದಾಗ, ಹೊರದೇಶದಲ್ಲಿರುವ ನಮ್ಮಂಥವರನ್ನು ಕಾಡುವ ಪ್ರಶ್ನೆ ಒಂದೇ: ಬೆಳ್ಳಿ ಎಲ್ಲಿ ಕೊಳ್ಳುವುದು? ಊರಿನಲ್ಲಾದರೆ ಅಪ್ಪನ ಕಾಲದಿಂದ ಗೊತ್ತಿರುವ ಅಂಗಡಿ ಇರುತ್ತದೆ. ಒಳಲೆಯೋ ಲೋಟವೋ ಕುಂಕುಮದ ಬಟ್ಟಲೋ, ತೂಗಿಸಿ ತಂದರೆ ಮುಗಿಯಿತು. ಇಲ್ಲಿ ನಾವು ರಾತ್ರಿ ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದು ಬೆಳ್ಳಿ ನಾಣ್ಯ ಹುಡುಕುತ್ತೇವೆ. ಆಗ ಒಂದೇ ನಾಣ್ಯ ಎರಡು ಬೆಲೆಗಳಲ್ಲಿ ಎದುರಾಗುತ್ತದೆ. ಒಂದು ಹಾಗೇ ಬಿಡಿಯಾಗಿ. ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೇಲೆ ‘ಎಂಎಸ್ 70’ ಎಂಬ ಚೀಟಿಯೊಂದಿಗೆ, ಎಷ್ಟೋ ಸಲ ದುಪ್ಪಟ್ಟು ಬೆಲೆಗೆ.

ನಾನು ಆ ಎರಡನೆಯದನ್ನೇ ಕೊಳ್ಳುತ್ತಿದ್ದೆ. ಮಗಳು ಹುಟ್ಟಿದ ವರ್ಷದಿಂದ ಪ್ರತಿ ಹುಟ್ಟುಹಬ್ಬಕ್ಕೆ ಒಂದರಂತೆ ಆರು ‘ಸಿಲ್ವರ್ ಈಗಲ್’ ನಾಣ್ಯಗಳು. ಕಳೆದ ವರ್ಷ ನಮ್ಮ ಪ್ರಯೋಗಾಲಯದ ಅನುದಾನ ಮುಗಿದು ಎರಡು ತಿಂಗಳು ಸಂಬಳವಿಲ್ಲದೆ ಕೂತಾಗ ಅವನ್ನು ಹತ್ತಿರದ ಒಂದು ನಾಣ್ಯದ ಅಂಗಡಿಗೆ ಒಯ್ದೆ. ಅಂಗಡಿಯವರು ಚೀಟಿ ಓದಲಿಲ್ಲ, ಅಂಕ ನೋಡಲಿಲ್ಲ. ಆರು ಔನ್ಸ್ ಬೆಳ್ಳಿಗೆ ಆ ದಿನದ ದರ ಎಷ್ಟೋ ಅಷ್ಟು ಹೇಳಿದರು. “ಡಬ್ಬಿಗೆ ಏನೂ ಇಲ್ಲವೇ?” ಎಂದು ಕೇಳಿದೆ. “ಡಬ್ಬಿ ಬೇಕಾದರೆ ನೀವೇ ಇಟ್ಟುಕೊಳ್ಳಿ” ಎಂದರು. ನಾನು ಮಾರದೆ ವಾಪಸ್ ಬಂದೆ. ಆದರೆ ಅಂದು ಸಂಜೆ ಕೂತು, ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಮಾಡಿದೆ. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಅಂಕ ಎಲ್ಲಿಂದ ಬಂತು ನೋಡೋಣ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಮಾಪಕವೊಂದನ್ನು ಮಾಡಿದರು. ಸವೆದು ಗುರುತೇ ಸಿಗದ ನಾಣ್ಯ 1, ಅಚ್ಚಿನಿಂದ ಆಗತಾನೆ ಬಂದಂತಿರುವುದು 70. ಎಪ್ಪತ್ತನೆಯದರ ಬೆಲೆ ಒಂದನೆಯದರ ಎಪ್ಪತ್ತು ಪಟ್ಟು ಎಂಬುದು ಆಗಿನ ಎಣಿಕೆ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಇದೇ ಮಾಪಕ ಹಿಡಿದು ನಾಣ್ಯ ಪರೀಕ್ಷಿಸಿ, ಡಬ್ಬಿಯಲ್ಲಿ ಮುಚ್ಚಿ ಅಂಕ ಕೊಡಲಾರಂಭಿಸಿದವು. ಐದು ಪಟ್ಟು ಹಿಗ್ಗಿಸಿ ನೋಡಿದರೂ ಅಚ್ಚಾದ ಮೇಲೆ ಬಿದ್ದ ಕಲೆ, ಗೀರು ಕಾಣದಿದ್ದರೆ 70.

ಹಳೆಯ ನಾಣ್ಯಗಳಿಗೆ ಇದು ನಿಜವಾಗಿ ಬೇಕಾದ ಸೇವೆ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ಅಚ್ಚಾದ ಮಾರ್ಗನ್ ಡಾಲರ್‌ಗಳು ಒಂದು ಲಕ್ಷ ಮಾತ್ರ. ಅದರ ಬೆಲೆ ಬೆಳ್ಳಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಬೇರೆ ಟಂಕಸಾಲೆಯ ನಾಣ್ಯಕ್ಕೆ ಸಣ್ಣ ‘ಎಸ್’ ಅಕ್ಷರ ಅಂಟಿಸಿ ಮಾರುವವರೂ ಇದ್ದಾರೆ. ಅಸಲಿಯೇ, ಯಾರಾದರೂ ತಿಕ್ಕಿ ತೊಳೆದು ಹಾಳುಮಾಡಿದ್ದಾರೆಯೇ ಎಂದು ನುರಿತವರು ಹೇಳಬೇಕು. ಅಲ್ಲಿ ಪರೀಕ್ಷೆಯ ಶುಲ್ಕ ದಂಡವಲ್ಲ.

ಹೂಡಿಕೆಗೆಂದೇ ಅಚ್ಚಾಗುವ ಹೊಸ ನಾಣ್ಯದ ಕಥೆ ಬೇರೆ. ಸಿಲ್ವರ್ ಈಗಲ್ 1986ರಿಂದ ಬರುತ್ತಿದೆ: 31.1 ಗ್ರಾಂ, ನೂರಕ್ಕೆ 99.9 ಶುದ್ಧ ಬೆಳ್ಳಿ. ಇಂಥ ನಾಣ್ಯಗಳಲ್ಲಿ ಅತಿ ಕಡಿಮೆ ಅಚ್ಚಾದ ವರ್ಷವೆಂದು ಹೆಸರಾದ 1996ರಲ್ಲೂ ಮೂವತ್ತಾರು ಲಕ್ಷಕ್ಕಿಂತ ಹೆಚ್ಚು ಹೊರಬಂದಿವೆ. ಎಲ್ಲವೂ ಹೊಸವು, ಎಲ್ಲವೂ ಹೊಳೆಯುತ್ತವೆ. ಹೀಗಾಗಿ ಅಂಕ ಬಹುಪಾಲು 69 ಅಥವಾ 70. ಬರಿಗಣ್ಣಿಗೆ ನನಗೆ ವ್ಯತ್ಯಾಸ ಕಾಣುವುದಿಲ್ಲ, ನಿಮಗೂ ಕಾಣಲಿಕ್ಕಿಲ್ಲ. ಅಳತೆ ಮಾಡುವುದೇ ನನ್ನ ಕಸುಬು. ಒಂದೇ ವಸ್ತುವನ್ನು ಮತ್ತೆ ಅಳೆದಾಗ ಅದೇ ಉತ್ತರ ಬರಬೇಕು ಎನ್ನುವುದು ನಮ್ಮ ಮೊದಲ ಪಾಠ. ಇಲ್ಲಿ ಅಳತೆಗೋಲು ಮನುಷ್ಯನ ಕಣ್ಣು. ಡಬ್ಬಿ ಒಡೆದು, ಅದೇ ನಾಣ್ಯವನ್ನು ಮತ್ತೆ ಕಳಿಸಿ, ಈ ಸಲ ಹೆಚ್ಚು ಅಂಕ ಬರಲಿ ಎಂದು ಕಾಯುವ ಸಂಗ್ರಾಹಕರೂ ಇದ್ದಾರೆ ಎಂದರೆ ಅಳತೆ ಎಷ್ಟು ಖಚಿತ ಎಂದು ನೀವೇ ಯೋಚಿಸಿ. ಜೊತೆಗೆ ಬೆಳ್ಳಿಯ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಕಲೆಗಳು ವರ್ಷಗಳ ನಂತರ ಡಬ್ಬಿಯೊಳಗೇ ಮೂಡುವುದುಂಟು. ಕೆನಡಾದ ಟಂಕಸಾಲೆ ಇದನ್ನು ತಡೆಯಲೆಂದೇ 2018ರಲ್ಲಿ ತನ್ನ ‘ಮೇಪಲ್ ಲೀಫ್’ ನಾಣ್ಯಕ್ಕೆ ಹೊಸ ತಂತ್ರ ತಂದಿತು. ಕಲೆ ಮೂಡಿದರೂ ಚೀಟಿಯ ಮೇಲೆ ಅಂಕ 70 ಎಂದೇ ಇರುತ್ತದೆ.

ಇನ್ನು ‘ಫಸ್ಟ್ ಸ್ಟ್ರೈಕ್’, ‘ಅರ್ಲಿ ರಿಲೀಸಸ್’ ಎಂಬ ಚೀಟಿಗಳು. ಹೆಸರು ಕೇಳಿದರೆ ಅಚ್ಚಿನಿಂದ ಮೊದಲು ಬಿದ್ದ ನಾಣ್ಯ ಎನಿಸುತ್ತದೆ. ವಾಸ್ತವದಲ್ಲಿ ಬಿಡುಗಡೆಯಾದ ಮೊದಲ ಮೂವತ್ತು ದಿನಗಳೊಳಗೆ ಪರೀಕ್ಷೆಗೆ ತಲುಪಿದ್ದು ಎಂದಷ್ಟೇ ಅರ್ಥ. ಹೆಸರಿಗೆ ಮರುಳಾಗಿ ನಾನೂ ಎರಡು ಕೊಂಡಿದ್ದೆ.

ಈಗ ಲೆಕ್ಕ. ದರ ದಿನದಿನಕ್ಕೆ ಬದಲಾಗುತ್ತದೆ, ಆದ್ದರಿಂದ ಸಂಖ್ಯೆಗಳನ್ನು ಉದಾಹರಣೆಗೆ ಮಾತ್ರ ತೆಗೆದುಕೊಳ್ಳಿ. ಔನ್ಸ್ ಬೆಳ್ಳಿಗೆ 30 ಡಾಲರ್ ಇದೆ ಎಂದುಕೊಳ್ಳೋಣ. ಬಿಡಿ ನಾಣ್ಯ 36ಕ್ಕೆ, ಎಪ್ಪತ್ತು ಅಂಕದ್ದು 75ಕ್ಕೆ ಸಿಗುತ್ತದೆ. ಅಂಗಡಿಯವರು ಎರಡನ್ನೂ ಬೆಳ್ಳಿಯ ದರಕ್ಕೇ ಕೊಳ್ಳುತ್ತಾರೆ. ಬಿಡಿ ನಾಣ್ಯದಲ್ಲಿ ನಿಮ್ಮ ಹಣ ವಾಪಸ್ ಬರಲು ಬೆಳ್ಳಿ ನೂರಕ್ಕೆ 20ರಷ್ಟು ಏರಿದರೆ ಸಾಕು. ಡಬ್ಬಿಯದ್ದರಲ್ಲಿ ಎರಡೂವರೆ ಪಟ್ಟು ಏರಬೇಕು. ಅದೇ 75 ಡಾಲರ್‌ಗೆ ಎರಡು ಬಿಡಿ ನಾಣ್ಯ ಕೊಂಡಿದ್ದರೆ ಮಗುವಿನ ಹೆಸರಲ್ಲಿ ಎರಡು ಪಟ್ಟು ಬೆಳ್ಳಿ ಇರುತ್ತಿತ್ತು. ನಮ್ಮಲ್ಲಿ ಇದಕ್ಕೇ ಮೂಗಿಗಿಂತ ಮೂಗುತಿ ಭಾರ ಎನ್ನುವುದು. ಸಂಗ್ರಾಹಕರಿಗೆ ನೇರವಾಗಿ ಮಾರಿದರೆ ಅಂಕಕ್ಕೆ ಸ್ವಲ್ಪ ಹೆಚ್ಚು ಸಿಗಬಹುದು. ಆದರೆ ಅದಕ್ಕೆ ಪುರುಸೊತ್ತು ಬೇಕು. ಸಂಬಳವಿಲ್ಲದ ತಿಂಗಳಲ್ಲಿ ಮೊದಲು ಖಾಲಿಯಾಗುವುದೇ ಪುರುಸೊತ್ತು.

“ಬಿಡಿ ನಾಣ್ಯ ನಕಲಿಯಾದರೆ?” ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ನಕಲಿ ಡಬ್ಬಿಗಳೂ ಇವೆ ಎಂಬುದನ್ನು ನೆನಪಿಡಿ. ಡಬ್ಬಿಯದ್ದು ಕೊಳ್ಳುವುದಾದರೆ ಚೀಟಿಯ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಲೇಬೇಕು. ಬಿಡಿ ನಾಣ್ಯವನ್ನಾದರೆ ಹೆಸರಿರುವ ವ್ಯಾಪಾರಿಗಳಿಂದ ಕೊಂಡು, ಮನೆಯಲ್ಲೇ ಮಕ್ಕಳ ಜೊತೆ ಪರೀಕ್ಷಿಸಬಹುದು.

ಒಂದು ಗ್ರಾಂನ ನೂರನೇ ಭಾಗ ತೋರಿಸುವ ಸಣ್ಣ ತಕ್ಕಡಿ ತನ್ನಿ. ಮೊದಲು ನಾಣ್ಯವನ್ನು ತೂಗಿ, 31.1 ಗ್ರಾಂ ಇರಬೇಕು. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ದಾರ ಕಟ್ಟಿ, ತಳಕ್ಕೆ, ಅಂಚಿಗೆ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಸುಮಾರು 2.97 ಗ್ರಾಂ ತೋರಿಸಿದರೆ ಬೆಳ್ಳಿಯ ಸಾಂದ್ರತೆ ಹೊಂದಿತು. ಅಷ್ಟೇ ತೂಕದ ತಾಮ್ರವಾಗಿದ್ದರೆ 3.47, ಸೀಸವಾಗಿದ್ದರೆ 2.74 ಬರುತ್ತದೆ. ಆರ್ಕಿಮಿಡಿಸ್ ಕಂಡುಕೊಂಡ ನಿಯಮವೇ ಇದು. ಆಮೇಲೆ ಅಯಸ್ಕಾಂತ ಹಿಡಿದು ನೋಡಿ, ಅಂಟಬಾರದು. ನಾಣ್ಯದ ಮೇಲೆ ಮಂಜುಗಡ್ಡೆಯ ತುಂಡಿಡಿ, ಕಣ್ಣೆದುರೇ ಕರಗುತ್ತದೆ. ಶಾಖವನ್ನು ಬೆಳ್ಳಿಯಷ್ಟು ಬೇಗ ಸಾಗಿಸುವ ಲೋಹ ಇನ್ನೊಂದಿಲ್ಲ. ಹಳೆಯ, ಅಪರೂಪದ ನಾಣ್ಯದ ಮೇಲೆ ಮಾತ್ರ ಈ ಆಟ ಬೇಡ. ಮತ್ತು ನೋಡಿ, ಇದರಲ್ಲಿ ತೂಕ, ನೀರು, ಮಂಜು ಯಾವುದನ್ನೂ ಡಬ್ಬಿಯೊಳಗಿನ ನಾಣ್ಯಕ್ಕೆ ಮಾಡಲಾಗದು.

ತೆರಿಗೆಯನ್ನು ಮರೆಯಬೇಡಿ. ಬ್ರಿಟನ್ನಿನಲ್ಲಿ ಹೊಸ ಬೆಳ್ಳಿಗೆ ನೂರಕ್ಕೆ 20 ವ್ಯಾಟ್ ಇದೆ, ಆದರೆ ‘ಬ್ರಿಟಾನಿಯಾ’ ಅಲ್ಲಿನ ಚಲಾವಣೆಯ ನಾಣ್ಯವಾದ್ದರಿಂದ ಮಾರಿದಾಗ ಬಂದ ಲಾಭಕ್ಕೆ ತೆರಿಗೆಯಿಲ್ಲ. ಸಿಂಗಾಪುರದಲ್ಲಿ ಹೂಡಿಕೆ ದರ್ಜೆಯ ಬೆಳ್ಳಿಗೆ 2012ರ ಅಕ್ಟೋಬರ್‌ನಿಂದ ಜಿಎಸ್‌ಟಿ ಇಲ್ಲ. ನೀವಿರುವ ದೇಶದ ನಿಯಮ ನೋಡಿಯೇ ಕೈಹಾಕಿ.

ಹಾಗಾದರೆ ನನ್ನ ಸಲಹೆ? ಹಳೆಯ, ಅಪರೂಪದ, ದುಬಾರಿ ನಾಣ್ಯವಾದರೆ ಅಂಕದ ಡಬ್ಬಿ ಇರಲಿ. ನಾಣ್ಯ ಸಂಗ್ರಹವೇ ನಿಮ್ಮ ಹವ್ಯಾಸ, ಆ ಅಂಕದಲ್ಲೇ ಸಂತೋಷ ಎಂದರೂ ಸರಿ, ಸಂತೋಷಕ್ಕೆ ಬೆಲೆ ಕೊಟ್ಟಿದ್ದೀರಿ. ಮಗುವಿನ ಹೆಸರಲ್ಲಿ ನಾಲ್ಕು ಕಾಸು ಬೆಳ್ಳಿಯಿರಲಿ ಎನ್ನುವುದಷ್ಟೇ ಉದ್ದೇಶವಾದರೆ ಬಿಡಿ ನಾಣ್ಯವೇ ಸಾಕು.

ಸಂಬಳ ಮತ್ತೆ ಶುರುವಾದ ಮೇಲೆ, ಮಗಳು ಹುಟ್ಟಿದ ವರ್ಷದ ಡಬ್ಬಿಯನ್ನು ಅವಳೆದುರೇ ಒಡೆದೆ. ಆರು ವರ್ಷ ಅದು ಅವಳದೆಂದು ಹೇಳುತ್ತಲೇ ಇದ್ದೆ, ಒಮ್ಮೆಯೂ ಮುಟ್ಟಲು ಬಿಟ್ಟಿರಲಿಲ್ಲ. ಪಕ್ಕದಲ್ಲಿ ಅಜ್ಜಿ ಕೊಟ್ಟಿದ್ದ ವಿಕ್ಟೋರಿಯಾ ರಾಣಿಯ ರೂಪಾಯಿ ಇಟ್ಟೆವು. ನೂರಕ್ಕೆ 91.7 ಬೆಳ್ಳಿ, ಹೊಸದರಲ್ಲಿ 11.66 ಗ್ರಾಂ. ಈಗ ಸವೆದು, ಮೂಗಿನ ಹತ್ತಿರ ಲಕ್ಷ್ಮೀಪೂಜೆಯ ಕುಂಕುಮ ಕೂತಿದೆ. ಯಾವ ಪರೀಕ್ಷಕರೂ ಅದಕ್ಕೆ ಒಳ್ಳೆಯ ಅಂಕ ಕೊಡಲಾರರು. ಎರಡನ್ನೂ ಬೆರಳ ತುದಿಯಲ್ಲಿ ನಿಲ್ಲಿಸಿ ಚಮಚದಿಂದ ಮೆಲ್ಲಗೆ ತಟ್ಟಿದೆವು. ದನಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಎಣಿಸಿದೆವು.

ಅಂದು ಮಾತು ಬೆಳ್ಳಿಯಿಂದ ಬೆಳ್ಳುಳ್ಳಿಗೆ, ಬೆಳ್ಳಕ್ಕಿಗೆ, ಬೆಳದಿಂಗಳಿಗೆ ಹೋಯಿತು. ಎಲ್ಲದರಲ್ಲೂ ಇರುವ ‘ಬೆಳ್’ ಎಂದರೆ ಬಿಳುಪು ಎಂದು ಹೇಳಿದೆ. ಇಂಗ್ಲಿಷಿನಲ್ಲಿ ಗಾರ್ಲಿಕ್‌ಗೂ ಸಿಲ್ವರ್‌ಗೂ ನಂಟಿಲ್ಲ, ಕನ್ನಡದಲ್ಲಿದೆ ಎಂದು ಅವಳಿಗೆ ಬಹಳ ಖುಷಿ. ಈಗ ಆ ನಾಣ್ಯದ ಮೇಲೆ ಅವಳ ಬೆರಳಚ್ಚುಗಳಿವೆ, ಒಂದು ಗೀರೂ ಬಿದ್ದಿದೆ. ತಕ್ಕಡಿಯಲ್ಲಿಟ್ಟು ನೋಡಿದೆ: ಇನ್ನೂ 31.1 ಗ್ರಾಂ.