ಕಾಫಿ ಲೋಟ ಖಾಲಿಯಾಗುವವರೆಗೆ



ನಮ್ಮ ಮನೆಯಲ್ಲಿ ಸಂಜೆ ಐದು ಗಂಟೆಗೆ ಒಂದು ಕಾನೂನು ಜಾರಿಗೆ ಬರುತ್ತದೆ. ನನ್ನ ಕಾಫಿ ಲೋಟ ಖಾಲಿಯಾಗುವವರೆಗೆ ನಾನೂ ಮೊಮ್ಮಗಳು ಪುಟ್ಟಿಯೂ ಅರಬ್ಬಿಯಲ್ಲೇ ಮಾತಾಡಬೇಕು. ಉಡುಪಿಯಲ್ಲಿ ಕೂತು ಅರಬ್ಬಿ ಯಾಕೆ ಎಂದು ನೆರೆಮನೆಯವರು ನಗುತ್ತಾರೆ.

ನಾನು 22 ವರ್ಷ ಕುವೈತಿನಲ್ಲಿ ಒಂದು ಗೋದಾಮಿನ ಲೆಕ್ಕ ಬರೆಯುತ್ತಿದ್ದೆ. ನನಗೆ ಅರಬ್ಬಿ ಕಲಿಸಿದವರು ಅಲ್ಲಿನ ಮೇಲ್ವಿಚಾರಕರು, ಕುವೈತಿನವರೇ. ಪುಸ್ತಕವಿಲ್ಲ, ಪಾಟಿಯಿಲ್ಲ. ಎದುರಿಗೆ ಕಂಡದ್ದನ್ನು ತೋರಿಸಿ ಹೆಸರು ಹೇಳುವುದು, ನಾನು ತಪ್ಪಿದರೆ ನಕ್ಕು ತಿದ್ದುವುದು, ಅಷ್ಟೇ. ಊರಿಗೆ ಮರಳಿದ ಮೇಲೂ ಪ್ರತಿ ಈದ್‌ಗೆ ಅವರಿಗೆ ಫೋನ್ ಮಾಡುತ್ತಿದ್ದೆ.

ಹೋದ ವರ್ಷ ಫೋನ್ ಮಾಡಿದಾಗ ಅವರು ಮೆಲ್ಲಗೆ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ಕೇಳಲು ನಾಚಿಕೆಯಾಗಿ "ಝೇನ್, ಝೇನ್" ಎಂದುಬಿಟ್ಟೆ. ಹಾಗೆಂದರೆ "ಒಳ್ಳೆಯದು, ಒಳ್ಳೆಯದು." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟರು. ಅವರು ಹೇಳಿದ್ದು ತಮ್ಮ ಹೆಂಡತಿ ತೀರಿಕೊಂಡ ಸುದ್ದಿ ಎಂದು ವಾರದ ಬಳಿಕ ಇನ್ನೊಬ್ಬ ಗೆಳೆಯನಿಂದ ತಿಳಿಯಿತು. ಆ ತಾಯಿ ಎಷ್ಟೋ ಸಲ ನನಗೂ ಊಟ ಕಳಿಸಿದ್ದರು.

ಅಂದಿನಿಂದ ಶುರುವಾದದ್ದು ಈ ಕಾಫಿ ಕಾನೂನು. ಮೊದಲು ಅರಬ್ಬಿ ವಾರ್ತೆ ಕೇಳಿ ನೋಡಿದೆ. ಆದರೆ ವಾರ್ತೆಯ ಅರಬ್ಬಿ ಗ್ರಂಥದ ಭಾಷೆ, ಮನೆಮಾತು ಬೇರೆ. ಅದೂ ಅಲ್ಲದೆ ಕೇಳುವುದರಿಂದ ಕಿವಿ ಮಾತ್ರ ಚುರುಕಾಗುತ್ತದೆ, ನಾಲಗೆ ಹೊರಳುವುದಿಲ್ಲ. ಅದಕ್ಕೆ ಎದುರಿಗೊಬ್ಬರು ಬೇಕು.

ಪುಟ್ಟಿಗೆ ಶುರುವಿನಲ್ಲೇ ಖುಷಿಯಾಯಿತು. ಕುರ್ಚಿಗೆ ಅರಬ್ಬಿಯಲ್ಲಿ "ಕುರ್ಸಿ", ಸಾಬೂನಿಗೆ "ಸಾಬೂನ್", ಖಾಲಿಗೆ "ಖಾಲಿ"! "ಅಜ್ಜ, ಇದು ನಮಗೆ ಮೊದಲೇ ಬರುತ್ತಲ್ಲ!" ಎಂದಳು. ಹೌದು, ಕುರ್ಚಿ, ಖಾಲಿ ಎಂಬ ಮಾತುಗಳು ಅರಬ್ಬಿಯಿಂದ ಹೊರಟು ನಮ್ಮ ಕನ್ನಡಕ್ಕೆ ಬಂದು ಸೇರಿದವು.

"ಹೇಗಿದ್ದೀರಿ?" ಎಂದು ಕೇಳಲು ಕುವೈತಿನಲ್ಲಿ ಗಂಡಸಿಗೆ "ಶ್ಲೋನಕ್", ಹೆಂಗಸಿಗೆ "ಶ್ಲೋನಿಚ್" ಎನ್ನುತ್ತಾರೆ. ಮಾತಿಗೆ ಮಾತಿಟ್ಟು ನೋಡಿದರೆ "ನಿನ್ನ ಬಣ್ಣ ಏನು?" ಎಂದಾಗುತ್ತದೆ. ಪುಟ್ಟಿ ಮೊದಲ ದಿನ ತನ್ನ ಫ್ರಾಕ್ ನೋಡಿಕೊಂಡು "ಹಳದಿ" ಎಂದು ಉತ್ತರಿಸಿದ್ದಳು!

ಕಾನೂನಿನಲ್ಲಿ ಇನ್ನೆರಡು ನಿಯಮಗಳಿವೆ. ಪದ ಮರೆತರೆ ಕನ್ನಡಕ್ಕೆ ಹಾರಕೂಡದು. "ಶಿಸ್ಮಾ", ಅಂದರೆ "ಅದರ ಹೆಸರೇನಪ್ಪಾ", ಎಂದು ಹೇಳಿ ಕೈಸನ್ನೆ ಮಾಡಬೇಕು. ಅರ್ಥವಾಗದಿದ್ದರೆ ತಲೆಯಾಡಿಸಕೂಡದು, ಮತ್ತೆ ಕೇಳಬೇಕು. ಈ ಎರಡನೆಯ ನಿಯಮ ಪುಟ್ಟಿಗಿಂತ ನನಗೇ ಹೆಚ್ಚು ಬೇಕಾಗಿತ್ತು.

ಈ ವರ್ಷ ಈದ್ ದಿನ ಫೋನ್ ಮಾಡಿದೆ. ನಾಲ್ಕು ದಿನ ಬಾಯಿಪಾಠ ಮಾಡಿದ್ದ ಮಾತನ್ನೇ ಮೊದಲು ಹೇಳಿದೆ: "ಅಲ್ಲಾಹ್ ಯರ್ಹಮ್‌ಹಾ." ದೇವರು ಆಕೆಗೆ ಕರುಣೆ ತೋರಲಿ ಎಂದರ್ಥ. ಆಮೇಲೆ, ಅಂದು ನನಗೆ ಅರ್ಥವಾಗಿರಲಿಲ್ಲ, ಕ್ಷಮಿಸಿ ಎಂದು ತೊದಲುತ್ತ ಹೇಳಿದೆ. ಆ ಕಡೆ ಮೌನ. ನನ್ನ ಕೈ ನಡುಗುತ್ತಿತ್ತು. ಕೊನೆಗೆ ಅವರು, ಪಕ್ಕದಲ್ಲಿ ಪಿಸುಗುಡುತ್ತಿರುವುದು ಯಾರು ಎಂದು ಕೇಳಿದರು. ಫೋನನ್ನು ಪುಟ್ಟಿಗೆ ಕೊಟ್ಟೆ.

"ಶ್ಲೋನಿಚ್?" ಎಂದರು.

"ಝೇನಾ!" ಎಂದಳು ಪುಟ್ಟಿ.

ಅವರು ನಕ್ಕದ್ದು ನನಗೂ ಕೇಳಿಸಿತು.

ನಿಮ್ಮ ಮನೆಯಲ್ಲೂ ಯಾರಿಗಾದರೂ ತುಳುವೋ ಕೊಂಕಣಿಯೋ ಬ್ಯಾರಿಯೋ ಬರುತ್ತಿರಬಹುದು, ಮಾತಾಡಲು ಜೊತೆ ಇಲ್ಲದೆ ಸುಮ್ಮನಿರಬಹುದು. ಈ ಭಾನುವಾರ ಅವರ ಕಾಫಿ ಹೊತ್ತಿಗೆ ಹೋಗಿ ಎದುರು ಕುಳಿತುಕೊಳ್ಳಿ.

ನಿಮ್ಮ ಪ್ರೀತಿಯ
ಅಜ್ಜ