ಎದುರಿಗೇ ಇದ್ದಾರೆ, ಆದರೂ ಇಲ್ಲ: ಮರೆವಿನ ಕಾಯಿಲೆಯವರ ಬಾಳಸಂಗಾತಿಯ ಮನಸ್ಸಿಗೆ ಏನಾಗುತ್ತದೆ?

ಅರವತ್ತಕ್ಕೆ ಅರಳುಮರಳು ಅಂತ ನಮ್ಮಲ್ಲಿ ಗಾದೆಯೇ ಇದೆ. ಹಾಗಾಗಿ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪಿದರೆ "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತೇವೆ. ಆದರೆ ಡಿಮೆನ್ಷಿಯಾ ಮುಪ್ಪಿನ ಸಹಜ ಭಾಗವಲ್ಲ. ಅದು ಮೆದುಳಿನ ಕಾಯಿಲೆಗಳಿಂದ ಬರುವ ಸ್ಥಿತಿ. ಅತಿ ಸಾಮಾನ್ಯ ಕಾರಣ ಆಲ್‌ಝೈಮರ್. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಇದು ಇದೆ. ಗಾದೆ ಮರೆಮಾಡುವ ಇನ್ನೊಬ್ಬರಿದ್ದಾರೆ: ಅವರ ಜೊತೆ ಹಗಲೂ ರಾತ್ರಿ ಇರುವ ಹೆಂಡತಿ ಅಥವಾ ಗಂಡ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರಿಗೆ 74, ಹೆಂಡತಿಗೆ 68. ಪಾಸ್‌ಬುಕ್ಕನ್ನು ತಾವೇ ದಿಂಬಿನ ಕವರಿನೊಳಗೆ ಇಟ್ಟು ಮರೆತು "ನೀನೇ ಕದ್ದಿದ್ದೀಯ" ಎಂದು ಆಕೆಯನ್ನು ಬೈಯುತ್ತಾರೆ. ಸಂಜೆಯಾದರೆ ಚಡಪಡಿಕೆ, "ಮನೆಗೆ ಹೋಗಬೇಕು" ಎಂದು ತಮ್ಮದೇ ಮನೆಯ ಬಾಗಿಲ ಬಳಿ ನಿಲ್ಲುತ್ತಾರೆ. ರಾತ್ರಿ ಮೂರು ಸಲ ಎದ್ದು ಓಡಾಟ. ಭಾನುವಾರ ಮಗಳು ಅಮೆರಿಕದಿಂದ ವಿಡಿಯೋ ಕಾಲ್ ಮಾಡಿದಾಗ ಮಾತ್ರ ಹಳೆಯ ಆಫೀಸಿನ ಕಥೆ ಹೇಳಿ ನಗಿಸುತ್ತಾರೆ. "ಅಪ್ಪ ಚೆನ್ನಾಗೇ ಇದ್ದಾರಲ್ಲಮ್ಮ, ನೀನೇ ಸುಮ್ನೆ ಟೆನ್ಷನ್ ಮಾಡ್ಕೋತೀಯ." ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ. ಹತ್ತು ನಿಮಿಷದ ಮಾತಿನಲ್ಲಿ ಕಾಯಿಲೆ ಕಾಣಿಸದೇ ಇರಬಹುದು. ಆದರೆ ಅಂಥ ಮಾತು ಕೇಳಿದ ಮೇಲೆ ಆಕೆ ಯಾರ ಬಳಿಯೂ ಏನೂ ಹೇಳಿಕೊಳ್ಳುವುದಿಲ್ಲ.

ಈ ಒತ್ತಡ ಮನಸ್ಸಿನಲ್ಲೇ ಉಳಿಯುವುದೂ ಇಲ್ಲ. 1995ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಒಂದು ಸಣ್ಣ ಪ್ರಯೋಗ ಪ್ರಕಟಿಸಿತು. ಡಿಮೆನ್ಷಿಯಾ ಇರುವ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರು, ಅದೇ ವಯಸ್ಸಿನ ಬೇರೆ 13 ಮಹಿಳೆಯರು. ಎಲ್ಲರ ಚರ್ಮದ ಮೇಲೂ ಒಂದೇ ಅಳತೆಯ ಪುಟ್ಟ ಗಾಯ ಮಾಡಿ, ಮಾಯುವುದನ್ನು ಗಮನಿಸಿದರು. ಆರೈಕೆ ಮಾಡುವವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು.

ಕೆಲಸದ ಹೊರೆ ಒಂದೇ ಆಗಿದ್ದರೆ ಸಹಾಯಕ್ಕೆ ಜನ ಇಟ್ಟರೆ ಮುಗಿಯುತ್ತಿತ್ತು. ಇದರಲ್ಲಿ ದುಃಖವೂ ಸೇರಿದೆ. ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ ಇದನ್ನು 'ಅಸ್ಪಷ್ಟ ನಷ್ಟ' ಎಂದು ಕರೆದರು: ವ್ಯಕ್ತಿ ಕಣ್ಣೆದುರೇ ಇದ್ದಾರೆ, ಆದರೆ ನಲವತ್ತು ವರ್ಷ ಜೊತೆ ಬಾಳಿದ ಆ ಮನುಷ್ಯ ಸ್ವಲ್ಪ ಸ್ವಲ್ಪವೇ ಕಳೆದುಹೋಗುತ್ತಿದ್ದಾರೆ. ಸಾವಾದರೆ ನೆಂಟರು ಬರುತ್ತಾರೆ, ಹದಿಮೂರು ದಿನದ ಕರ್ಮಗಳಿವೆ. ಈ ನಷ್ಟಕ್ಕೆ ಯಾರೂ ಮಾತಾಡಿಸಲು ಬರುವುದಿಲ್ಲ. ಅಳುವುದಕ್ಕೂ ಹಿಂಜರಿಕೆ, "ಗಂಡ ಬದುಕಿರುವಾಗಲೇ ಹೀಗಾ?" ಎಂದು.

ಸಿಟ್ಟೂ ಬರುತ್ತದೆ. ಒಮ್ಮೆ ರೇಗಿ, ಆಮೇಲೆ ಅಡುಗೆಮನೆಯಲ್ಲಿ ನಿಂತು ಪಶ್ಚಾತ್ತಾಪ ಪಡುತ್ತಾರೆ. "ಇದೆಲ್ಲ ಬೇಗ ಮುಗಿಯಲಿ" ಎಂಬ ಯೋಚನೆ ಬಂದರಂತೂ ತಾನೇ ಕೆಟ್ಟವಳು ಅನ್ನಿಸಿಬಿಡುತ್ತದೆ. ಪ್ರೀತಿಯಿದ್ದರೆ ಬೇಸರ ಬರಬಾರದು ಎಂಬ ನಂಬಿಕೆಯೇ ಇಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಎಂದು ನಮಗನ್ನಿಸುತ್ತದೆ. ದಣಿವು, ಸಿಟ್ಟು, ಅಪರಾಧಿ ಭಾವ ಇಂಥ ಆರೈಕೆಯಲ್ಲಿ ತೀರಾ ಸಾಮಾನ್ಯ.

ಹಾಗಾದರೆ ಏನು ಸಹಾಯವಾಗುತ್ತದೆ? ನ್ಯೂಯಾರ್ಕ್ ವಿಶ್ವವಿದ್ಯಾಲಯ ಆಲ್‌ಝೈಮರ್ ರೋಗಿಗಳ 406 ಬಾಳಸಂಗಾತಿಗಳ ಮೇಲೆ ನಡೆಸಿದ ದೀರ್ಘ ಅಧ್ಯಯನ ಒಂದು ಉತ್ತರ ಕೊಟ್ಟಿದೆ. ಆಪ್ತಸಲಹೆ, ಬೆಂಬಲ ಗುಂಪು, ಬೇಕೆನಿಸಿದಾಗ ಫೋನ್ ಮಾತುಕತೆ ಸಿಕ್ಕವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆಯಾಯಿತು. ರೋಗಿಯನ್ನು ನರ್ಸಿಂಗ್ ಹೋಮಿಗೆ ಸೇರಿಸುವ ಸಮಯ ಸುಮಾರು ಒಂದೂವರೆ ವರ್ಷ ಮುಂದೆ ಹೋಯಿತು. ಗಮನಿಸಿ, ಆ ಸಲಹೆಯ ಹೆಚ್ಚಿನ ಭೇಟಿಗಳಲ್ಲಿ ಮಕ್ಕಳು, ಬಂಧುಗಳನ್ನೂ ಕೂರಿಸಿಕೊಳ್ಳಲಾಗಿತ್ತು.

ದೂರದಲ್ಲಿರುವ ಮಕ್ಕಳು ಅಮ್ಮನೊಬ್ಬಳ ಜೊತೆಯೇ ಬೇರೆಯಾಗಿ ಫೋನಿನಲ್ಲಿ ಮಾತಾಡಬಹುದು, ಊರಿಗೆ ಬಂದಾಗ ನಾಲ್ಕು ರಾತ್ರಿ ಅಪ್ಪನ ಕೋಣೆಯಲ್ಲಿ ತಾವು ಮಲಗಬಹುದು. ನಿದ್ದೆಯೇ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದು ಆಕೆ ಹೇಳಿದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಿರಿಯ ನಾಗರಿಕರಿಗೆ ಎಲ್ಡರ್‌ಲೈನ್ 14567. ಕರೆ ಮಾಡಲು ನೀವೇ ರೋಗಿಯಾಗಿರಬೇಕಿಲ್ಲ.