ಕಳೆ ಕೀಳೋದು ಕಸರತ್ತಲ್ಲ

ಹಳೇಬೀಡಿನ ಗುಡಿಯ ಕಲ್ಲಿನ ಹೆಂಗಸರ ಸೊಂಟ ನೋಡಲು ದೇಶದೇಶದಿಂದ ಜನ ಬರುತ್ತಾರೆ. 2023ರಲ್ಲಿ ಯುನೆಸ್ಕೋದವರೂ ಬೇಲೂರು, ಸೋಮನಾಥಪುರದ ಜೊತೆ ಈ ಗುಡಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಸೇರಿಸಲಿ. ಇದೇ ಸೀಮೆಯ ಶುಂಠಿ ಹೊಲದಲ್ಲಿ, ಹೆತ್ತು ಎರಡು ತಿಂಗಳೂ ತುಂಬದೆ ಕಳೆ ಕೀಳಲು ಬಗ್ಗಿದ ನಮ್ಮ ಅಕ್ಕಂದಿರ ಸೊಂಟ ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ.

ಬಾಣಂತಿಯರು ಮನೆಯಲ್ಲೇ ಮೆಲ್ಲಗೆ ಕಸರತ್ತು ಮಾಡಬೇಕು ಅಂತ ನಾವು ಕೇರಿಯಲ್ಲಿ ಮಾತೆತ್ತಿದಾಗ ಮೊದಲು ನಕ್ಕವರು ನಮ್ಮವರೇ. 'ದುಡಿಯೋ ಹೆಂಗಸಿಗೆ ಎಂಥಾ ಕಸರತ್ತು? ಕೆಲಸವೇ ಕಸರತ್ತಲ್ವೇನ್ರಪ್ಪಾ?' ಇದು ಧಣಿಗಳ ಜಗಲಿಯಲ್ಲಿ ಹುಟ್ಟಿದ ಮಾತು. ನಮ್ಮ ಬಾಯಿಗೆ ಹೇಗೆ ಬಂತೋ!

ಹೆರಿಗೆಯಾದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ಗರ್ಭಕೋಶ, ಉಚ್ಚೆಯ ಚೀಲ ಎರಡನ್ನೂ ತಳದಲ್ಲಿ ಹೊತ್ತುಕೊಂಡ ಸ್ನಾಯುಗಳು ಹೆರಿಗೆಯಲ್ಲಿ ಜಗ್ಗಿ ಸಡಿಲವಾಗಿರುತ್ತವೆ. ಆ ಹೊತ್ತಿನಲ್ಲಿ ತುಂಬಿದ ಬಿಂದಿಗೆ, ಹುಲ್ಲಿನ ಹೊರೆ ಹೊತ್ತರೆ ಒತ್ತಡವೆಲ್ಲ ಅಲ್ಲಿಗೇ ಇಳಿಯುತ್ತದೆ. ಮುಂದೆ ಕೆಮ್ಮಿದರೆ, ಸೀನಿದರೆ ಸೀರೆ ನೆನೆಯುತ್ತದೆ. ಕೆಲವರಿಗೆ ಗರ್ಭಕೋಶವೇ ಜಾರುತ್ತದೆ. ನಮ್ಮ ಅವ್ವಂದಿರು ಇದನ್ನು ಸಾಯೋತನಕ ಯಾರಿಗೂ ಹೇಳೋಲ್ಲ. ಬಿ.ಎ. ಓದಿದ ನಾವು, ಅವ್ವನ ಮೇಲೆ ಪದ್ಯ ಬರೆದ ನಾವು, ಕೆಮ್ಮು ಬಂದಾಗ ಅವಳು ಯಾಕೆ ತೊಡೆ ಬಿಗಿಹಿಡಿದು ನಿಲ್ಲುತ್ತಾಳೆ ಅಂತ ಒಂದು ದಿನವೂ ಕೇಳಲಿಲ್ಲ.

ಕಸರತ್ತು ಅಂದರೆ ಬಸ್ಕಿ ಹೊಡೆಯೋದಲ್ಲ. ತೊಡಕಿಲ್ಲದೆ ಹೆರಿಗೆಯಾದವಳು ಒಂದೆರಡು ದಿನದಲ್ಲೇ ಚಾಪೆ ಮೇಲೆ ಶುರು ಮಾಡಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ಹೊಟ್ಟೆ ಉಬ್ಬುವಂತೆ ಉಸಿರೆಳೆದು ಮೆಲ್ಲಗೆ ಬಿಡುವುದು. ಪಾದ ಮೇಲೆ ಕೆಳಗೆ ಆಡಿಸುವುದು. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಒಳ್ಳೆಯದು. ಉಚ್ಚೆ ತಡೆಹಿಡಿದಂತೆ ಒಳಗನ್ನು ಬಿಗಿದು, ಐದು ಎಣಿಸಿ, ಪೂರ್ತಿ ಸಡಿಲ ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಗುವಿಗೆ ಹಾಲು ಕೊಡುತ್ತಲೂ ಇದನ್ನು ಮಾಡಬಹುದು, ಅತ್ತೆಗೂ ಗೊತ್ತಾಗೋಲ್ಲ! ಆಮೇಲೆ ಅಂಗಳದಲ್ಲಿ ನಾಲ್ಕು ಹೆಜ್ಜೆ, ದಿನಕ್ಕಿಷ್ಟು ಹೆಚ್ಚಿಸುತ್ತ. ಹೊಟ್ಟೆ ಕೊಯ್ದು ಹೆರಿಗೆಯಾದವಳು ಡಾಕ್ಟರನ್ನು ಕೇಳಿಯೇ ಮುಂದುವರಿಯಲಿ, ಮಗುವಿಗಿಂತ ಹೆಚ್ಚು ಭಾರ ಎತ್ತದಿರಲಿ. ರಕ್ತ ಜಾಸ್ತಿ ಹೋದರೆ, ಜ್ವರ ಬಂದರೆ, ಒಂದೇ ಕಾಲು ಊದಿ ನೋವು ಬಂದರೆ ಎಲ್ಲ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆಲ್ಲ ದುಡ್ಡು ಬೇಡ, ಬಿಡುವು ಬೇಕು. ಜಗಳ ಇರೋದೇ ಅಲ್ಲಿ. 1928ರಲ್ಲೇ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರ ನಿಂತು, ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಎಂದು ವಾದಿಸಿದರು. 2017ರಲ್ಲಿ ಕಾನೂನು ತಿದ್ದಿ ಸಂಬಳದ ರಜೆಯನ್ನು 26 ವಾರಕ್ಕೆ ಏರಿಸಿದರು. ಅದು ಕಚೇರಿ, ಕಾರ್ಖಾನೆ, ಎಸ್ಟೇಟಿನವರಿಗಾಯಿತು. ಹೊಲದ ದಿನಗೂಲಿಯವಳಿಗೆ? ಮಾತೃವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ 5,000 ರೂಪಾಯಿ, ಅದೂ ಕಂತಿನಲ್ಲಿ.

ಇನ್ನು ಕೂಲಿ ಕೇಳುವಾಗ ಬಾಣಂತನದ ಕೂಲಿಯನ್ನೂ ಸೇರಿಸಿಯೇ ಕೇಳೋಣ. ಅದು ಸಿಗೋತನಕ ಕೇರಿಯ ಗಂಡಸರಿಗೆ ನಮ್ಮದೊಂದು ಮಾತು: ಆರು ವಾರ ಬಿಂದಿಗೆ ನೀವು ಹೊರ್ರಿ. ನಲ್ಲಿ ಹತ್ರ ಯಾರಾದರೂ ನಕ್ಕರೆ ನಮ್ಮನ್ನು ಕರೀರಿ, ನಾವೂ ಒಂದೊಂದು ಬಿಂದಿಗೆ ಹಿಡ್ಕೊಂಡು ಬರ್ತೀವಿ.